ಮೊಣಕಾಲಿಗೊಂದು ಅಂತೆ

ನೆಕ್ಕಿ ಸೊಪ್ಪು ಹಾಕಿ ಕಾಯಿಸಿದ ತೆಂಗಿನೆಣ್ಣೆ ಹಚ್ಚಿದರೆ ನನ್ನ ಬಲ ಮೊಣಕಾಲಿನ ನೋವು ಅರ್ಧಕ್ಕರ್ಧ ಇಳಿಯುತ್ತದೆ. ಇದನ್ನು ಮಂಗಳೂರಿನ ಆ ಡಾಕ್ಟರಿಗೆ ಹೇಳಿದ್ದೇ ತಪ್ಪಾಯಿತು. ನನ್ನ ಮಗನ ಪ್ರಾಯದ ಹುಡುಗ. ಎಕ್ಸ್‌ರೇಯಿಂದ ಕಣ್ಣು ತೆಗೆಯದೆ, "ಅನೆಕ್ಡೋಟಲಿ ಕೆಲವರಿಗೆ ಕಡಿಮೆ ಆಗ್ತದೆ ಸರ್, ಬಟ್ ಎವಿಡೆನ್ಸ್ ಇಲ್ಲ" ಅಂದ. ಮಾತ್ರೆಯ ಚೀಟಿ ಕಿಸೆಗೆ ಹಾಕಿ ಕಾಸರಗೋಡಿನ ಬಸ್ಸು ಹತ್ತಿದೆ.

ತಲಪಾಡಿಯ ಗಡಿ ದಾಟಿದರೂ ಆ ಪದ ಇಳಿಯಲಿಲ್ಲ. ಹೊಗಳಿದ್ದೋ, ಬೈದದ್ದೋ? ಅನೆಕ್ಡೋಟ್ ಅಂದರೆ ಸಣ್ಣದೊಂದು ಸ್ವಾರಸ್ಯದ ಪ್ರಸಂಗ ಎಂದು ನಾವು ಕಲಿತದ್ದು. ಬಾಲಕ್ಕೆ 'ಲಿ' ಸೇರಿದ್ದೇ ತಡ, ಸ್ವಾರಸ್ಯ ಸೋರಿಹೋಗಿ 'ಯಾರೋ ನಾಲ್ಕು ಜನ ಹೇಳಿದ್ದು, ಲೆಕ್ಕಕ್ಕೆ ಹಿಡಿಯಬೇಡಿ' ಎಂದಾಗುತ್ತದೆ. ಮೂಲದ ಗ್ರೀಕಿನಲ್ಲಿ 'ಪ್ರಕಟವಾಗದ್ದು' ಎಂದಷ್ಟೇ ಅರ್ಥ. 6ನೆಯ ಶತಮಾನದಲ್ಲಿ ಪ್ರೊಕೋಪಿಯಸ್ ಎಂಬವನು ಚಕ್ರವರ್ತಿ ಜಸ್ಟಿನಿಯನ್ನನನ್ನು ಬಹಿರಂಗವಾಗಿ ಹೊಗಳಿ ಬರೆದ. ಅವನಿಗೂ ರಾಣಿ ಥಿಯೊಡೋರಾಳಿಗೂ ಬೈದು ಬರೆದದ್ದನ್ನು ಮಾತ್ರ ಗುಟ್ಟಾಗಿ ಇಟ್ಟುಕೊಂಡ. ಆ ಬೈಗಳ ಪುಸ್ತಕಕ್ಕೆ ಉಳಿದ ಹೆಸರು ಅನೆಕ್ಡೋಟ. ಅಷ್ಟು ಖಾರದ ಪದ ಈಗ ನನ್ನ ಮೊಣಕಾಲಿನ ಹತ್ತಿರ ಬಂದು ಬಿದ್ದಿದೆ.

ಕನ್ನಡದಲ್ಲಿ ಇದಕ್ಕೆ ಬೇರೆ ಪದವೇ ಬೇಡ, 'ಅಂತೆ' ಸಾಕು ಎಂದು ಉಪ್ಪಳ ಬರುವಾಗ ಹೊಳೆಯಿತು. ನಮ್ಮೂರಿನಲ್ಲಂತೂ ಭಾಷೆಗೊಂದು ಅಂತೆ. ಹೆದ್ದಾರಿ ಕೆಲಸಕ್ಕೆ ರಸ್ತೆ ಮುಚ್ಚುವ ಸುದ್ದಿಯೊಂದು ಬಸ್ಸಿನೊಳಗೆ ಹೊರಟರೆ, ಹಿಂದಿನ ಸೀಟಿನ ತುಳುವಿನಲ್ಲಿ 'ಬಂದ್ ಆಪುಂಡುಗೆ', ಬಾಗಿಲ ಬಳಿಯ ಮಲಯಾಳದಲ್ಲಿ 'ಅಡಕ್ಕುಂ ಪೋಲುಂ', ಕೊಂಕಣಿಯಲ್ಲಿ ಒಂದು 'ಖಂಯ್', ಹವ್ಯಕರ ಬಾಯಲ್ಲಿ 'ಮುಚ್ಚುತ್ತವಡ'. ಇಂಗ್ಲಿಷಿನವರು ಎಚ್ಚರಿಕೆಯ ಫಲಕವನ್ನು ವಾಕ್ಯದ ಹೆಬ್ಬಾಗಿಲಲ್ಲೇ ನೆಡುತ್ತಾರೆ. ನಾವು ಕತೆಯನ್ನೆಲ್ಲ ಹೇಳಿ, ಕೇಳುವವನ ಕಣ್ಣರಳಿಸಿ, ಕೊನೆಗೆ ಮೆಲ್ಲಗೆ ಎರಡಕ್ಷರ ಸೇರಿಸಿ ಕೈತೊಳೆದುಕೊಳ್ಳುತ್ತೇವೆ.

ಸೇರಿಸಲು ಮರೆತರೆ ಏನಾಗುತ್ತದೆ ಎಂಬುದಕ್ಕೆ ನನ್ನ ಸೋದರಮಾವನಿದ್ದಾರೆ. ಕುಂಬಳೆ ಹತ್ತಿರದ ಅನಂತಪುರದ ಕೆರೆ ದೇವಸ್ಥಾನದಲ್ಲಿ ಬಬಿಯ ಎಂಬ ಮೊಸಳೆ ಇತ್ತಲ್ಲ, ನೈವೇದ್ಯದ ಅನ್ನ ತಿಂದುಕೊಂಡು? ಅದಕ್ಕೂ ಹಿಂದೆ ಅಲ್ಲಿದ್ದ ಮೊಸಳೆಯನ್ನು 1945ರಲ್ಲಿ ಒಬ್ಬ ಬ್ರಿಟಿಷ್ ಸಿಪಾಯಿ ಗುಂಡು ಹೊಡೆದು ಕೊಂದನಂತೆ. ಕೆಲವೇ ದಿನಗಳಲ್ಲಿ ಅವನಿಗೆ ಹಾವು ಕಚ್ಚಿತಂತೆ. ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತಂತೆ. ನನ್ನ ಅಜ್ಜಿ ಹೇಳುವಾಗ ಕತೆಯಲ್ಲಿ ಮೂರು ಅಂತೆಗಳೂ ಭದ್ರವಾಗಿದ್ದವು. ಮಾವನ ಬಾಯಿಗೆ ಬಂದ ಮೇಲೆ ಒಂದೊಂದೇ ಉದುರಿತು. ಮೊದಲು ಗುಂಡಿನ ಅಂತೆ ಹೋಗಿ ಆ ಜಾಗಕ್ಕೆ ಜೋಡುನಳಿಗೆಯ ಕೋವಿ ಬಂತು. ಆಮೇಲೆ ಸಿಪಾಯಿಗೆ ಕೆಂಪು ಮೀಸೆ ಬೆಳೆಯಿತು. ನನ್ನ ಮದುವೆಯ ಹಿಂದಿನ ರಾತ್ರಿ, ಚಪ್ಪರದಡಿ ತರಕಾರಿ ಹೆಚ್ಚುತ್ತಿದ್ದವರೆಲ್ಲ ಕತ್ತಿ ಕೆಳಗಿಟ್ಟು ಬಾಯಿ ಬಿಟ್ಟು ಕೇಳುತ್ತಿರುವಾಗ, ಹಾವು ಎಡಗಾಲಿನ ಬೂಟಿನೊಳಗಿಂದ ಹೊರಟಿತು. ಬೂಟು ಬಿಚ್ಚಲು ಎಷ್ಟು ಹೊತ್ತು ಹಿಡಿಯಿತೆಂದೂ ಮಾವನಿಗೆ ಗೊತ್ತು. ಬೆಳಿಗ್ಗೆ ಹುಳಿಗೆ ಸೌತೆಕಾಯಿ ಸಾಕಾಗಲಿಲ್ಲ.

ಒಮ್ಮೆ ಧೈರ್ಯ ಮಾಡಿ ಕೇಳಿದೆ: "ಮಾವಾ, ನೀವು ಹುಟ್ಟಿದ್ದು 1946ರಲ್ಲಿ ಅಲ್ವಾ?"

ಮಾವ ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ಹಾಗಾದರೆ ಹಾವು ಕಚ್ಚಲೇ ಇಲ್ಲ ಅಂತಲಾ ನೀನು ಹೇಳುವುದು?"

2022ರ ಅಕ್ಟೋಬರಿನಲ್ಲಿ ಬಬಿಯ ತೀರಿಕೊಂಡಾಗ ಜನ ಸಾಲುಗಟ್ಟಿ ಬಂದು ನಮಸ್ಕರಿಸಿದರು. ಮಾವನೂ ಹೋಗಿ ಕಣ್ಣೊರೆಸಿಕೊಂಡು ಬಂದರು. ಮರುವರ್ಷವೇ ಕೆರೆಯಲ್ಲಿ ಮತ್ತೊಂದು ಮರಿ ಮೊಸಳೆ ಕಾಣಿಸಿತು. ಅಂದಿನಿಂದ ಮಾವನ ಮುಂದೆ ನಾನು ಇಸವಿಯ ಮಾತೆತ್ತುವುದಿಲ್ಲ. ಬಬಿಯ ಕೆರೆಯ ಮೀನನ್ನೇ ಮುಟ್ಟುತ್ತಿರಲಿಲ್ಲ ಎನ್ನುತ್ತಾರೆ. ಮೀನುಗಳ ಹೇಳಿಕೆಯನ್ನು ಯಾರೂ ಬರೆದುಕೊಂಡಂತಿಲ್ಲ.

ಎಲ್ಲಿಗೋ ಹೋದೆ. ಹೇಳಹೊರಟದ್ದು ಮೊಣಕಾಲಿನ ವಿಷಯ. 'ಅಂತೆ'ಗೊಂದು ನಿಯಮವುಂಟು: ಪರರ ಬಾಯಿಂದ ಕೇಳಿದ್ದಕ್ಕೆ ಅದು ಸಲ್ಲುತ್ತದೆ, ತನ್ನ ನೋವಿಗೆ ಸಲ್ಲುವುದಿಲ್ಲ. 'ನನಗೆ ಹಸಿವಾಗಿದೆಯಂತೆ' ಎಂದು ಯಾವನಾದರೂ ಹೇಳಿದರೆ ಎರಡನೆಯ ದೋಸೆ ಹಾಕುವ ಮೊದಲು ಮನೆಯವರು ಅವನ ಹಣೆ ಮುಟ್ಟಿ ನೋಡುತ್ತಾರೆ. ಆ ಹುಡುಗನ ಪದಕ್ಕೆ ಇಷ್ಟೂ ಮಾನ ಮರ್ಯಾದೆಯಿಲ್ಲ. ನನ್ನದೇ ಕಾಲು, ನನ್ನದೇ ನೋವು, ಇಳಿದದ್ದೂ ನನಗೇ. ಆದರೂ ಅವನ ಮೇಜಿನ ಮೇಲೆ ಅದು ಪರರ ಮಾತಾಯಿತು! ಹಾಗೆ ನೋಡಿದರೆ ಅವನೂ ಓದಿದ್ದನ್ನೇ ಹೇಳಿದ್ದು. ಅವನ ಮೊಣಕಾಲು ನೋಯುವುದಿಲ್ಲವಲ್ಲ. ನೋಯಲಿ ಎಂದು ಹೇಳುವುದಿಲ್ಲ, ಆದರೆ ಒಂದು ವಾರ ನೋಯ್ದರೆ ನನಗೇನೂ ಬೇಸರವಿಲ್ಲ.

ಮನೆಗೆ ಬಂದು ಜಗಲಿಯಲ್ಲಿ ಕೂತೆ. ಇವಳು ಒಳಗಿಂದಲೇ ಕೇಳಿದಳು, "ಡಾಕ್ಟ್ರು ಎಂತ ಹೇಳಿದ್ರು?"

"ಸವೆದಿದೆಯಂತೆ."

"ಅಂತೆಯಾ? ಎಕ್ಸ್‌ರೇ ತೆಗೆದದ್ದಲ್ವಾ?"

"ಎಕ್ಸ್‌ರೇಯೂ ಹಾಗೇ ಹೇಳುತ್ತದಂತೆ."

ಅವಳು ಎಣ್ಣೆ ಬಿಸಿಗಿಟ್ಟಳು.