‘ಶಾಂತಿಭಂಗವಾಗುವ ಸಂಭವವಿರುತ್ತದೆ’

ಮತ್ತೆ ಅದೇ ರಾಗ. ಜೀವಾವಧಿ ಶಿಕ್ಷೆಯ ಕೈದಿಗೆ ಪೆರೋಲ್ (ಶಿಕ್ಷೆಯ ನಡುವೆ ಕೆಲವು ದಿನ ಮನೆಗೆ ಹೋಗಿಬರುವ ಅನುಮತಿ) ಎಂದು ನಾಲ್ಕು ಸಾಲಿನ ಸುದ್ದಿ, ಅದರ ಕೆಳಗೆ ನಾನೂರು ಕಾಮೆಂಟು. ‘ಜೈಲೋ ಮಾವನ ಮನೆಯೋ?’ ‘ಜೀವಾವಧಿ ಅಂದ್ರೆ ಹದಿನಾಲ್ಕು ವರ್ಷ, ಅದನ್ನೂ ನೆಟ್ಟಗೆ ಮುಗಿಸಲ್ಲ.’ ‘ನಮ್ಮ ಟ್ಯಾಕ್ಸ್ ದುಡ್ಡು.’ ಸುದ್ದಿ ಬರೆದವರೂ ಕಮ್ಮಿಯಿಲ್ಲ, ಶೀರ್ಷಿಕೆಯಲ್ಲಿ ‘ಬಿಡುಗಡೆ’ ಅಂತಲೇ ಹಾಕಿದ್ದಾರೆ. ಈ ವಿಷಯ ಹಿಡಿದರೆ ನಾನು ಬೇಗ ಬಿಡುವವನಲ್ಲ ಅಂತ ಇಲ್ಲಿನ ಹಳೇ ಗೆಳೆಯರಿಗೆ ಗೊತ್ತು. ಬೇಡದವರು ಈಗಲೇ ಮುಂದಕ್ಕೆ ಹೋಗಬಹುದು.

ಮೊದಲು ಆ ಹದಿನಾಲ್ಕರ ಭೂತ ಬಿಡಿಸೋಣ. ಜೀವಾವಧಿ ಎಂದರೆ ಉಸಿರಿರುವ ತನಕ. ಗಾಂಧಿ ಹತ್ಯೆಯಲ್ಲಿ ಜೀವಾವಧಿಯಾಗಿದ್ದ ಗೋಪಾಲ ಗೋಡ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1961ರಲ್ಲೇ ಹೇಳಿ ಮುಗಿಸಿದೆ. ಹದಿನಾಲ್ಕು ಬಂದದ್ದು 1978ರಲ್ಲಿ, ಹಳೇ ದಂಡ ಪ್ರಕ್ರಿಯಾ ಸಂಹಿತೆಗೆ (ಸಿಆರ್‌ಪಿಸಿ) 433ಎ ಕಲಂ ಸೇರಿದಾಗ. ಈಗ ಅದು, ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 475ನೇ ಕಲಂ. ಗಲ್ಲು ಶಿಕ್ಷೆಗೂ ಅವಕಾಶವಿದ್ದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಹದಿನಾಲ್ಕು ವರ್ಷ ಒಳಗೆ ಕಳೆಯದೆ ಸರ್ಕಾರ ಅವನನ್ನು ಬಿಡುವಂತಿಲ್ಲ. ವಿಚಾರಣಾಧೀನನಾಗಿ ಕಳೆದ ದಿನಗಳು ಈ ಲೆಕ್ಕಕ್ಕೆ ಬರುತ್ತವೆ, ಸನ್ನಡತೆಗೆ ಸಿಕ್ಕ ಮಾಫಿ (ಶಿಕ್ಷೆಯಲ್ಲಿ ಕಡಿತ) ದಿನಗಳು ಬರುವುದಿಲ್ಲ. ಅಂದರೆ ಹದಿನಾಲ್ಕು ತುಂಬಿದ ದಿನ ಬಾಗಿಲು ತೆರೆಯುವುದಿಲ್ಲ, ಬಾಗಿಲು ತಟ್ಟಲು ಅನುಮತಿ ಸಿಗುತ್ತದೆ, ಅಷ್ಟೇ. ಅದೂ ಎಲ್ಲರಿಗಲ್ಲ. ಹೆಂಡತಿಯನ್ನು ಕೊಂದ, ನಮ್ಮ ಬೆಂಗಳೂರಿನದೇ ಶ್ರದ್ಧಾನಂದನ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿ, ಮಾಫಿಯೇ ಇಲ್ಲದ, ಸಾಯುವ ತನಕದ ಜೈಲು ಕೊಟ್ಟಿತು. ಇಷ್ಟು ವರ್ಷ ಮಾಫಿ ಕೊಡುವಂತಿಲ್ಲ ಎಂದು ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳು ಗೆರೆ ಹಾಕಬಹುದು ಎಂದು 2015ರಲ್ಲಿ ಸಂವಿಧಾನ ಪೀಠವೂ ಒಪ್ಪಿತು.

ಇನ್ನು ಪೆರೋಲ್. ಅದು ರಜೆಯಂತೆ ಕಾಣುತ್ತದೆ, ಆದರೆ ಸಾಲವಾಗಿ ಸಿಗುವ ರಜೆ, ಆಮೇಲೆ ತೀರಿಸಬೇಕು. ಗೋವಾದ ಕೈದಿಗಳ ಪ್ರಕರಣದಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟ: ಹದಿನಾಲ್ಕು ವರ್ಷದ ಲೆಕ್ಕದಿಂದ ಪೆರೋಲ್ ದಿನಗಳನ್ನು ಕಳೆಯಬೇಕು. ವರ್ಷಕ್ಕೆ 30 ದಿನದಂತೆ ಹತ್ತು ವರ್ಷ ಹೊರಗೆ ಹೋಗಿ ಬಂದವನು 300 ದಿನ ಹೆಚ್ಚಿಗೆ ಒಳಗಿರಬೇಕು. ಹದಿನಾಲ್ಕಕ್ಕೆ ಬದಲು ಹದಿನಾಲ್ಕು ವರ್ಷ ಹತ್ತು ತಿಂಗಳಿಗೆ ಅವನ ಕಡತ ಮೇಲೇಳುತ್ತದೆ. ಮಾವನ ಮನೆಯಲ್ಲಿ ಹೀಗೆ ದಿನ ಮುರಿದುಕೊಳ್ಳುವುದನ್ನು ನಾನು ಕೇಳಿಲ್ಲ.

ಈಗ ನನ್ನ ಹೊಟ್ಟೆಯುರಿಯ ಸಂಗತಿಗೆ ಬರುತ್ತೇನೆ. ಆ ಒಂದು ಸಾಲು.

ಕೈದಿ ಜೈಲಿನ ಅಧೀಕ್ಷಕರಿಗೆ ಅರ್ಜಿ ಕೊಡುತ್ತಾನೆ: ತಾಯಿಗೆ ಹುಷಾರಿಲ್ಲ, ತಂಗಿಯ ಮದುವೆ, ಮನೆಯ ಸೂರು ಬಿದ್ದಿದೆ, ಬಿತ್ತನೆಗೆ ಗಂಡಾಳಿಲ್ಲ. ಅಧೀಕ್ಷಕರು ಅದನ್ನು ಆ ಜಿಲ್ಲೆಯ ಎಸ್‌ಪಿಗೆ ಕಳಿಸುತ್ತಾರೆ. ಎಸ್‌ಪಿ ಕಚೇರಿಯಿಂದ ಡಿವೈಎಸ್‌ಪಿ, ಸರ್ಕಲ್, ಕೊನೆಗೆ ಠಾಣೆ. ಠಾಣೆಯಿಂದ ಒಬ್ಬರು ಊರಿಗೆ ಹೋಗಿ ಮನೆಯವರ, ಅಕ್ಕಪಕ್ಕದವರ, ಕೊಲೆಯಾದವರ ಕಡೆಯವರ ಹೇಳಿಕೆ ಬರೆದುಕೊಳ್ಳಬೇಕು. ಜಾಮೀನು ನಿಲ್ಲುವವರು ಯಾರು, ಅವರ ಪಹಣಿ ಅವರದೇ ಹೆಸರಲ್ಲಿದೆಯೇ, ಕೈದಿ ಉಳಿಯುವ ಮನೆ ಯಾವುದು ಎಂದು ನೋಡಬೇಕು. ನಿಯಮದಂತೆ ನಡೆದರೆ ಇದು ಒಳ್ಳೆಯ ವ್ಯವಸ್ಥೆಯೇ. ನಡೆಯುವುದು ಏನು? ಹಳೇ ವರದಿ ತೆರೆದು ಹೆಸರು, ಸಿ.ಟಿ.ಪಿ. ನಂಬರು (ಕೈದಿಯ ಸಂಖ್ಯೆ) ಬದಲಿಸಿ, ಕೊನೆಗೆ ಆ ಸಾಲು: ‘ಸದರಿ ಬಂಧಿಯು ಗ್ರಾಮಕ್ಕೆ ಬಂದಲ್ಲಿ ಶಾಂತಿಭಂಗವಾಗುವ ಸಂಭವವಿರುತ್ತದೆ.’ ಯಾರಿಂದ ಭಂಗ? ಯಾರ ಶಾಂತಿ? ಹೇಳಿಕೆ ಕೊಟ್ಟವರು ಯಾರು? ಕೇಳಬೇಡಿ. ಠಾಣೆಯವರ ಕಡೆಯಿಂದ ನೋಡಿದರೆ ಇದು ಜಾಣತನ. ಬಿಡಬಹುದು ಎಂದು ಬರೆದು ಏನಾದರೂ ಆದರೆ ಕುತ್ತಿಗೆಗೆ ಬರುತ್ತದೆ. ಬೇಡ ಎಂದು ಬರೆದವರನ್ನು ಇವತ್ತಿನವರೆಗೆ ಯಾರೂ ಏಕೆಂದು ಕೇಳಿದ್ದಿಲ್ಲ.

ಆ ಸಾಲಿನ ಮೇಲೆ ಅಧೀಕ್ಷಕರು ‘ತಿರಸ್ಕರಿಸಿದೆ’ ಎಂದು ಬರೆಯುತ್ತಾರೆ. ರಾಮನಗರ ಜಿಲ್ಲೆಯ ರೈತನೊಬ್ಬ ಹನ್ನೊಂದು ವರ್ಷ ಒಳಗಿದ್ದರೂ ಒಮ್ಮೆಯೂ ಪೆರೋಲ್ ಕಂಡಿರಲಿಲ್ಲ. ಜಮೀನು ನೋಡಿಕೊಳ್ಳಲು ಮನೆಯಲ್ಲಿ ಗಂಡಸರಿಲ್ಲ ಎಂದು 2024ರಲ್ಲಿ ಹೈಕೋರ್ಟ್‌ವರೆಗೆ ಹೋದ ಮೇಲೆ 90 ದಿನ ಸಿಕ್ಕಿತು. ಹೈಕೋರ್ಟ್ ಮುಟ್ಟಲು ಆಗದವರು ಎಷ್ಟು ಜನ ಅಂತ ಲೆಕ್ಕ ಹಾಕುತ್ತಾ ಕೂತರೆ ನಿದ್ದೆ ಬರುವುದಿಲ್ಲ.

‘ಹಾಗಾದರೆ ಆ ಡೇರಾ ಬಾಬಾ?’ ಅಂತ ಯಾರೋ ಕೇಳಿಯೇ ಕೇಳುತ್ತಾರೆ. ಕೇಳಿ. 2017ರಲ್ಲಿ ಅತ್ಯಾಚಾರ ಪ್ರಕರಣಗಳಲ್ಲಿ 20 ವರ್ಷ ಶಿಕ್ಷೆಯಾದ ಆತ, ಡೇರಾ ಸಚ್ಚಾ ಸೌದಾದ ಗುರ್ಮೀತ್ ರಾಮ್ ರಹೀಂ, ಹತ್ತಕ್ಕೂ ಹೆಚ್ಚು ಸಲ ಹೊರಗೆ ಬಂದು ಸತ್ಸಂಗ ಮಾಡಿದ್ದಾನೆ. ಹರಿಯಾಣದ 2022ರ ಕಾಯ್ದೆಯಲ್ಲಿ ವರ್ಷಕ್ಕೆ ಹತ್ತು ವಾರ ಪೆರೋಲ್, ಮೂರು ವಾರ ಫರ್ಲೋ (ಕಾರಣ ಹೇಳದೆಯೂ ಸಿಗುವ ರಜೆ) ಇದೆ. ಅದು ಕಾಗದದ ಮೇಲೆ ಎಲ್ಲ ಅರ್ಹ ಕೈದಿಗಳಿಗೂ ಇದೆ. ಬಾಬಾ ಬರುವಾಗ ಮಾತ್ರ ಯಾರ ಶಾಂತಿಯೂ ಭಂಗವಾಗುವುದಿಲ್ಲ, ಲಕ್ಷಾಂತರ ಹಿಂಬಾಲಕರಿದ್ದರೂ ಸಹ! ರಾಮನಗರದ ರೈತ ಎರಡು ಎಕರೆ ರಾಗಿ ಕುಯ್ಯಲು ಬಂದರೆ ಊರೇ ಹೊತ್ತಿ ಉರಿಯುತ್ತದೆ. ಬಾಬಾನ ಮೇಲಿನ ಸಿಟ್ಟಿಗೆ ‘ಪೆರೋಲೇ ರದ್ದು ಮಾಡಿ’ ಎನ್ನುವವರೇ, ನಿಮ್ಮ ಕಲ್ಲು ಬೀಳುವುದು ಆ ರೈತನ ತಲೆಗೆ. ಬಾಬಾನಿಗೆ ಛತ್ರಿ ಹಿಡಿಯುವವರು ಇದ್ದೇ ಇರುತ್ತಾರೆ.

ಒಂದು ತಪ್ಪೊಪ್ಪಿಗೆ. 2022ರ ಆಗಸ್ಟ್ 15ರಂದು ಬಿಲ್ಕಿಸ್ ಬಾನೊ ಪ್ರಕರಣದ (2002ರ ಗುಜರಾತ್ ಗಲಭೆಯ ಸಾಮೂಹಿಕ ಅತ್ಯಾಚಾರ, ಕೊಲೆ) 11 ಜನ ಗೋಧ್ರಾ ಜೈಲಿನಿಂದ ಹೊರಬಂದು ಸಿಹಿ ತಿಂದ ದೃಶ್ಯ ನೋಡಿದಾಗ ‘ಎಲ್ಲ ಮಾಫಿಗೂ ಬೆಂಕಿ ಹಾಕಿ’ ಎಂಬ ಮಾತು ನನ್ನ ಬಾಯಿಂದಲೂ ಬಂದಿದೆ. ಅವರೆಲ್ಲ ಬಿಡುಗಡೆಗೆ ಮೊದಲೇ ಪೆರೋಲು, ಫರ್ಲೋ ಎಂದು ತಲಾ ಸುಮಾರು ಸಾವಿರ ದಿನ ಹೊರಗೆ ಓಡಾಡಿದ್ದರು. 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ರದ್ದು ಮಾಡಿತು. ಶಿಕ್ಷೆಯಾದದ್ದು ಮಹಾರಾಷ್ಟ್ರದಲ್ಲಿ, ಬಿಡುವ ಅಧಿಕಾರ ಗುಜರಾತಿಗೆ ಇರಲೇ ಇಲ್ಲ ಎಂದು. ಅಲ್ಲೂ ಕಡತದಲ್ಲಿ ‘ಸನ್ನಡತೆ’ ಎಂಬ ಶಬ್ದವಿತ್ತು. ಬೇಕಾದವನಿಗೆ ಸನ್ನಡತೆ, ಬೇಡದವನಿಗೆ ಶಾಂತಿಭಂಗ. ಎರಡರ ಹಿಂದೆಯೂ ಯಾರೂ ಊರಿಗೆ ಹೋಗಿ ವಿಚಾರಿಸಿರುವುದಿಲ್ಲ.

ಓಡಿಹೋಗುವವರು ಇಲ್ಲವೇ? ಇದ್ದಾರೆ. ಕೋವಿಡ್ ಕಾಲದಲ್ಲಿ ಬಿಟ್ಟವರನ್ನು ವಾಪಸ್ ಕರೆಸಲು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೇ 15 ದಿನದ ಗಡುವು ಹಾಕಬೇಕಾಯಿತು. ಆದರೆ ಆಗ ಹೊರಗೆ ಹೋದವರಲ್ಲಿ ಬಹುಪಾಲು ವಿಚಾರಣಾಧೀನರು. ಹತ್ತು ವರ್ಷ ಕಳೆದ ಜೀವಾವಧಿ ಬಂಧಿಯ ಲೆಕ್ಕಾಚಾರ ಬೇರೆ. ಅವನು ತಪ್ಪಿಸಿಕೊಂಡರೆ ಕೂಡಿಟ್ಟ ಮಾಫಿ ಹೋಗುತ್ತದೆ, ಮುಂದಿನ ಪೆರೋಲಿಗೆ ಕಲ್ಲು ಬೀಳುತ್ತದೆ, ಜಾಮೀನು ನಿಂತ ಚಿಕ್ಕಪ್ಪನ ಮುಚ್ಚಳಿಕೆ ಹಣ ಮುಟ್ಟುಗೋಲಾಗುತ್ತದೆ, ಅವಧಿಪೂರ್ವ ಬಿಡುಗಡೆಯ ಆಸೆ ಮಣ್ಣಾಗುತ್ತದೆ. ಕೊಲೆಯಾದವರ ಮನೆಯವರ ಭಯ ನಿಜ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೆ ದಾರಿಗಳಿವೆ: ಆ ಊರಿಗೆ ಹೋಗಬಾರದು, ತಂಗಿಯ ಊರಲ್ಲೋ ಹೆಂಡತಿಯ ತವರಲ್ಲೋ ಇರಬೇಕು, ವಾರಕ್ಕೊಮ್ಮೆ ಅಲ್ಲಿನ ಠಾಣೆಯಲ್ಲಿ ಸಹಿ ಹಾಕಬೇಕು ಎಂದು ಷರತ್ತು ಹಾಕಬಹುದು. ಷರತ್ತು ಬರೆಯಲು ಒಂದು ಪುಟ ಬೇಕು, ಶಾಂತಿಭಂಗಕ್ಕೆ ಒಂದು ಸಾಲು ಸಾಕು. ಅದಕ್ಕೇ ಆ ಸಾಲು ಗೆಲ್ಲುತ್ತದೆ.

ಅಸಲು ಪೆಟ್ಟು ಬೀಳುವುದು ಹದಿನಾಲ್ಕು ದಾಟಿದ ಮೇಲೆ. ಬಿಡಬೇಕೇ ಬೇಡವೇ ಎಂದು ನೋಡುವಾಗ ಏನೇನು ಪರಿಶೀಲಿಸಬೇಕೆಂದು ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಅಪರಾಧ ಇಡೀ ಸಮಾಜಕ್ಕೆ ತಟ್ಟಿದ್ದೇ, ಮತ್ತೆ ಮಾಡುವ ಸಂಭವವಿದೆಯೇ, ಮಾಡುವ ಶಕ್ತಿ ಉಳಿದಿದೆಯೇ, ಇನ್ನೂ ಒಳಗಿಟ್ಟು ಪ್ರಯೋಜನವುಂಟೇ, ಮನೆಯ ಸ್ಥಿತಿ ಹೇಗಿದೆ. ಮತ್ತೆ ಮಾಡುತ್ತಾನೋ ಇಲ್ಲವೋ ಎಂದು ತಿಳಿಯುವುದಾದರೂ ಹೇಗೆ? ಹತ್ತು ಸಲ ಹೊರಗೆ ಬಿಟ್ಟು, ಹತ್ತು ಸಲವೂ ಹೇಳಿದ ದಿನ ಲಾಕಪ್ ಹೊತ್ತಿಗೆ ಮೊದಲು ಗೇಟಿನಲ್ಲಿ ಹಾಜರಾದನೇ ಎಂಬ ದಾಖಲೆಗಿಂತ ಒಳ್ಳೆಯ ಸಾಕ್ಷಿ ಯಾವುದಿದೆ? ಆ ಸಾಕ್ಷಿ ಹುಟ್ಟುವುದನ್ನೇ ಒಂದು ಸಾಲಿನಿಂದ ತಡೆಯುತ್ತೇವೆ. ಆಮೇಲೆ ‘ಹೊರಗಿನ ನಡತೆ ಬಗ್ಗೆ ಮಾಹಿತಿ ಇಲ್ಲ’ ಅನ್ನುತ್ತೇವೆ, ಮತ್ತೆ ಅದೇ ಠಾಣೆಗೆ ವರದಿ ಕೇಳುತ್ತೇವೆ. ಏನು ಬರುತ್ತದೆ ಹೇಳಿ ನೋಡೋಣ. ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯ ಕಾಟಾಚಾರದ್ದಾಗಿರಬಾರದು, ಕಾರಣ ಇರಬೇಕು ಎಂದು 2022ರಲ್ಲಿ ಛತ್ತೀಸಗಢದ ಪ್ರಕರಣದಲ್ಲೂ, ಪೊಲೀಸ್ ವರದಿಯೊಂದನ್ನೇ ನೆಚ್ಚಿಕೊಳ್ಳಬಾರದು ಎಂದು 2023ರಲ್ಲಿ ಬಿಹಾರದ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ತೀರ್ಪು ದೆಹಲಿಯಿಂದ ಠಾಣೆಗೆ ನಡೆದುಕೊಂಡು ಬರುತ್ತಿರಬೇಕು.

ಪೆರೋಲ್ ಕಾಣದೆ ಒಂದೇ ಸಲಕ್ಕೆ ಹೊರಬಿದ್ದವನ ಗತಿ ನೋಡಿ. 2009ರಲ್ಲಿ ಒಳಗೆ ಹೋದವನು ಆಧಾರ್ ಕಂಡಿಲ್ಲ, ನೋಟು ರದ್ದತಿ ಕಂಡಿಲ್ಲ, ಯುಪಿಐ ಕಂಡಿಲ್ಲ. ರೇಷನ್ ಕಾರ್ಡಿನಿಂದ ಹೆಸರು ಬಿಟ್ಟುಹೋಗಿದೆ. ಅಪ್ಪ ಸತ್ತಾಗ ಪೌತಿ ಖಾತೆ ಅಣ್ಣನ ಹೆಸರಿಗೊಂದೇ ಆಗಿದೆ. ಜೈಲಿನ ಕೂಲಿ ಬ್ಯಾಂಕಿನಲ್ಲಿದೆ, ಒಟಿಪಿ ಬರಲು ಮೊಬೈಲಿಲ್ಲ. ವರ್ಷಕ್ಕೊಮ್ಮೆ ಹದಿನೈದು ದಿನ ಬಂದು ಹೋಗಿದ್ದರೆ ಇವೆಲ್ಲ ಒಂದೊಂದಾಗಿ ಬಗೆಹರಿಯುತ್ತಿದ್ದವು. ಹೆಂಡತಿ ಮಕ್ಕಳಿಗೂ ಆ ಮುಖ ಹೊಸದಾಗಿರುತ್ತಿರಲಿಲ್ಲ.

ಅವನ ಮೇಲೆ ಕಣ್ಣಿಡುವುದು? ಠಾಣೆಯಲ್ಲಿ ಸಹಿ, ಬೇರೇನೂ ಇಲ್ಲ. ಇಂಗ್ಲೆಂಡಿನಲ್ಲಿ ಹೊರಬಂದ ಜೀವಾವಧಿ ಕೈದಿ ಸಾಯುವ ತನಕ ಲೈಸೆನ್ಸ್ (ಷರತ್ತಿನ ಬಿಡುಗಡೆ) ಮೇಲೆಯೇ ಇರುತ್ತಾನೆ, ತಪ್ಪಿದರೆ ವಾಪಸ್ ಜೈಲು. ಆದರೆ ಮನೆ, ಕೆಲಸ, ಕುಡಿತ ವಿಚಾರಿಸಲು ಅವನಿಗೊಬ್ಬ ಪ್ರೊಬೇಷನ್ ಅಧಿಕಾರಿಯೂ ಇರುತ್ತಾನೆ. ನಮ್ಮಲ್ಲಿ ಮೊದಲರ್ಧ ಉಂಟು, ಎರಡನೆಯದರ ಸುಳಿವಿಲ್ಲ. ಮಾಫಿಯ ಷರತ್ತು ಮುರಿದರೆ ವಾರಂಟ್ ಇಲ್ಲದೆಯೇ ಹಿಡಿದು ಒಳಹಾಕಬಹುದು. ‘ಸಭ್ಯವಾಗಿ ನಡೆದುಕೊಳ್ಳತಕ್ಕದ್ದು’ ಎಂಬಂಥ ಷರತ್ತನ್ನು, ಅಳತೆಗೇ ಸಿಗದ್ದು ಎಂದು 2024ರಲ್ಲಿ ಗುಜರಾತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಿತ್ತುಹಾಕಿತು. ನೋಟಿಸ್ ಕೊಡದೆ ಮಾಫಿ ರದ್ದು ಮಾಡುವಂತಿಲ್ಲ ಎಂದೂ ಹೇಳಿತು. ಹೊಸ ಮದ್ದು ಜಿಪಿಎಸ್ ಕಾಲ್ಬಳೆ. ಕೇಂದ್ರದ 2023ರ ಮಾದರಿ ಕಾರಾಗೃಹ ಕಾಯ್ದೆ, ಅದನ್ನು ತೊಡಲು ಒಪ್ಪಿದವನಿಗೆ ರಜೆ ಎನ್ನುತ್ತದೆ. ಬ್ಯಾಟರಿ ಸತ್ತರೆ, ಮಲೆನಾಡಿನ ಕಣಿವೆಯಲ್ಲಿ ಸಿಗ್ನಲ್ ಹೋದರೆ ಅದು ‘ತಪ್ಪಿಸಿಕೊಂಡಿದ್ದಾನೆ’ ಎಂದೇ ತೋರಿಸುತ್ತದೆ. ಆಮೇಲೆ ಅದಕ್ಕೂ ಒಂದು ಸಾಲಿನ ವರದಿ.

ಬಳೆ ಇಲ್ಲದೆಯೂ ನಡೆಯುತ್ತದೆ. ಜೈಪುರದ ಪಕ್ಕದ ಸಾಂಗಾನೇರ್‌ನಲ್ಲಿ 1963ರಿಂದ ತೆರೆದ ಬಂದೀಖಾನೆ ಇದೆ. ಕೊಲೆ ಅಪರಾಧಿಗಳೂ ಹೆಂಡತಿ ಮಕ್ಕಳ ಜೊತೆ ಪುಟ್ಟ ಮನೆಗಳಲ್ಲಿರುತ್ತಾರೆ. ಬೆಳಿಗ್ಗೆ ಪೇಟೆಗೆ ಕೆಲಸಕ್ಕೆ ಹೋಗಿ, ಸಂಜೆ ಹಾಜರಿಗೆ ಮರಳುತ್ತಾರೆ. ಊಟದ ಖರ್ಚೂ ಅವರದೇ, ಟ್ಯಾಕ್ಸ್ ದುಡ್ಡಿನವರು ಗಮನಿಸಿ. ನಮ್ಮಲ್ಲೂ ಕೊರಮಂಗಲದಲ್ಲಿ ಒಂದು ಇದೆ. ಸ್ಟಾರ್ಟಪ್‌ನವರ ಕೋರಮಂಗಲ ಅಲ್ಲ ಸ್ವಾಮಿ, ದೇವನಹಳ್ಳಿ ಕಡೆಯದು. ನೂರು ಜನರಿಗೂ ಸಾಲದ ಜಾಗ, ಇಡೀ ರಾಜ್ಯಕ್ಕೆ.

ಒಳಗಿರುವವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮಗೆ: ‘ಆಗಲ್ಲ ಅಂದ್ರು’ ಎಂದು ಕೇಳಿಸಿಕೊಂಡು ಬರಬೇಡಿ. ಪೆರೋಲ್ ತಿರಸ್ಕರಿಸಿದ ಆದೇಶವನ್ನು ಲಿಖಿತವಾಗಿ ಕೇಳಿ, ಠಾಣೆಯ ವರದಿಯ ಪ್ರತಿಯನ್ನೂ ಕೇಳಿ. ಅವಧಿಪೂರ್ವ ಬಿಡುಗಡೆಗಾದರೆ, ಅರ್ಹನಾದವನು ಅರ್ಜಿಯನ್ನೇ ಹಾಕಬೇಕಿಲ್ಲ, ಸರ್ಕಾರ ತಾನಾಗಿ ಪರಿಶೀಲಿಸಬೇಕು, ಒಲ್ಲೆ ಎಂದರೆ ಕಾರಣ ಬರೆದು ಕೈದಿಗೆ ತಿಳಿಸಬೇಕು, ಒಂದು ಪ್ರತಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು ಎಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ರಿಟ್ ಹಾಕಲು ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಪೀಠ ಇದೆ. ವರದಿಯಲ್ಲಿ ಆ ಸಾಲು ಕಂಡರೆ ಅದರ ಕೆಳಗೆ ಕೆಂಪು ಗೆರೆ ಎಳೆದು, ಹೇಳಿಕೆ ಕೊಟ್ಟವರ ಹೆಸರು, ತಾರೀಖು ಎಲ್ಲಿ ಎಂದು ಪಕ್ಕದಲ್ಲೇ ಬರೆದು ವಕೀಲರ ಕೈಗೆ ಕೊಡಿ.