ಕಿವಿಯೊಳಗೆ ಇಂಪ್ಲಾಂಟ್ ಇದ್ದರೆ ಸ್ಕ್ಯಾನಿನ ಬರೀ ಫಿಲ್ಮ್ ಸಾಲದು, ಸ್ಕ್ಯಾನಿನ ಸಿಡಿಯನ್ನೂ ಕೇಳಿ ತಗೊಳ್ಳಿ

ಬಾಗಲಕೋಟೆಯಲ್ಲಿ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್ ಆಗಿ ಕೆಲಸ ಮಾಡುತ್ತೇನೆ. ಕಿವಿಗೆ ಇಂಪ್ಲಾಂಟ್ ಹಾಕಿಸಿಕೊಂಡವರು, ಅವರ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಇಂಪ್ಲಾಂಟ್ ಅಂದ ಕೂಡಲೇ ಎಲ್ಲರಿಗೂ ಮಕ್ಕಳಿಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್ ನೆನಪಾಗುತ್ತೆ. ನಾನು ಹೇಳುತ್ತಿರುವುದು ನಡುಗಿವಿಯ ಇಂಪ್ಲಾಂಟ್ ಬಗ್ಗೆ. ಹಾಕಿಸಿಕೊಂಡವರು ಕಡಿಮೆ. ಆದರೆ ಚಿಕ್ಕಂದಿನಿಂದ ಕಿವಿ ಸೋರಿ ಸೋರಿ ತಮಟೆ ತೂತಾದವರು, ಒಳಗಿನ ಸಣ್ಣ ಎಲುಬು ಸವೆದು ಹೋದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅಂಥ ಕಿವಿಗೆ ಹಿಯರಿಂಗ್ ಏಡ್ ಹಾಕಿದರೆ ಗಾಳಿಯಾಡದೆ ಮತ್ತೆ ಸೋರಬಹುದು. ಅವರಲ್ಲಿ ಕೆಲವರಿಗೆ, ಸೋಂಕು ವಾಸಿಯಾದ ಮೇಲೆ, ಇದು ಒಳ್ಳೆಯ ದಾರಿ.

ನಡುಗಿವಿಯ ಇಂಪ್ಲಾಂಟ್‌ಗಳಲ್ಲಿ ವೈಬ್ರಂಟ್ ಸೌಂಡ್‌ಬ್ರಿಡ್ಜ್ ಅನ್ನೋದನ್ನೇ ತಗೊಳ್ಳಿ. 1996ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಸಲ ರೋಗಿಗೆ ಹಾಕಿದ್ದು. ಕಿವಿಯ ಹಿಂದೆ ಚರ್ಮದ ಕೆಳಗೆ ಒಂದು ಭಾಗ, ಅಲ್ಲಿಂದ ತೆಳು ವೈರ್, ವೈರಿನ ತುದಿಗೆ ಅದುರುವ ಒಂದು ಚೂರು. ಅದರ ಉದ್ದ ಸುಮಾರು 2.3 ಮಿ.ಮೀ., ತೂಕ 25 ಮಿಲಿಗ್ರಾಂ. ಎಲುಬು ಚೆನ್ನಾಗಿದ್ದರೆ ಇಂಕಸ್ ಅನ್ನೋ ನಡುವಿನ ಸಣ್ಣ ಎಲುಬಿಗೆ ಕ್ಲಿಪ್ ಮಾಡುತ್ತಾರೆ. ಇಂಕಸ್ ಸವೆದಿದ್ದರೆ ಸ್ಟೇಪಿಸ್ ಅನ್ನೋ ಕೊನೆಯ ಸಣ್ಣ ಎಲುಬಿನ ಮೇಲೆ, ಇಲ್ಲಾ ಒಳಗಿವಿಯ ರೌಂಡ್ ವಿಂಡೋ ಅನ್ನೋ ಪುಟ್ಟ ಕಿಟಕಿಯ ಮೇಲೆ ಕೂರಿಸುತ್ತಾರೆ. ಆ ಕಿಟಕಿಯ ಅಗಲವೇ ಒಂದೂವರೆ, ಎರಡು ಮಿ.ಮೀ. ಆಸುಪಾಸು. ಅದುರುವ ಆ ಚೂರು ಸ್ವಲ್ಪ ಓರೆಯಾಗಿ ಪಕ್ಕದ ಎಲುಬಿಗೆ ತಾಗಿದರೂ ಸಾಕು, ಅದುರುವಿಕೆ ಎಲುಬಿಗೇ ಹೋಗಿ ಕೇಳಿಸುವುದು ಕಡಿಮೆಯಾಗುತ್ತೆ.

ಆ ಚೂರು ಓರೆಯಾಗಿದೆಯಾ, ಜಾರಿದೆಯಾ, ಎಲುಬಿಗೆ ತಾಗಿದೆಯಾ ಅಂತ ಸಿಟಿಯಲ್ಲಿ ನೋಡಬಹುದು. ಲೋಹ ಇರೋದರಿಂದ ಸುತ್ತ ಗೆರೆ ಗೆರೆ ಬರುತ್ತೆ. ಕೋನ್ ಬೀಮ್ ಸಿಟಿಯಲ್ಲಿ ಈ ತೊಂದರೆ ಸಾಮಾನ್ಯವಾಗಿ ಕಡಿಮೆ, ರೇಡಿಯೇಷನ್ ಕೂಡ ಕಡಿಮೆ. ಹಲ್ಲಿಗೆ ಬಳಸುವ ಯಂತ್ರ ಅದು. ಕಿವಿಯವರೆಗೆ ಚಿತ್ರ ಬರುವಷ್ಟು ದೊಡ್ಡದಿರಬೇಕು ಅಷ್ಟೆ. ಆದರೆ ಚಿತ್ರ ಜಾಗ ತೋರಿಸುತ್ತೆ, ಕೆಲಸ ತೋರಿಸಲ್ಲ. ಸ್ಕ್ಯಾನ್‌ನಲ್ಲಿ ಸರಿಯಾಗಿ ಕೂತಂತೆ ಕಂಡರೂ ಕೇಳಿಸದೆ ಇರಬಹುದು. ಎಷ್ಟು ಕೇಳಿಸುತ್ತೆ ಅಂತ ತೋರಿಸುವ ಆಡಿಯೋಗ್ರಾಮ್ ಜೊತೆಗಿಟ್ಟು ನೋಡಲೇಬೇಕು.

ನನಗೆ ನಿಜವಾಗಿ ಬೇಜಾರಾಗುವುದು ಬೇರೆ ವಿಷಯಕ್ಕೆ. ಜಮಖಂಡಿ ಕಡೆಯ ಒಬ್ಬ ಅಕ್ಕ ಬಂದಿದ್ದರು. ಆಪರೇಷನ್ ಆದ ಮೇಲೆ ಚೆನ್ನಾಗಿ ಕೇಳುತ್ತಿದ್ದದ್ದು ಬರಬರುತ್ತಾ ಕಡಿಮೆಯಾಗಿತ್ತು. ಹಳೇ ಸ್ಕ್ಯಾನ್ ಕೇಳಿದೆ. ಪ್ಲಾಸ್ಟಿಕ್ ಚೀಲದಿಂದ ಒಂದು ಫಿಲ್ಮ್ ತೆಗೆದರು. ಅದರಲ್ಲಿ ಸಾಲು ಸಾಲು ಚಿಕ್ಕ ಚೌಕಗಳು, ಒಂದೊಂದರಲ್ಲೂ ಇಡೀ ತಲೆ. ಇಂಪ್ಲಾಂಟ್ ಬರೀ ಒಂದು ಬಿಳಿ ಚುಕ್ಕೆ. “ಸಿಡಿ ಇಲ್ಲೇನ್ರಿ ಅಕ್ಕಾರ?” ಅಂದೆ. “ಫಿಲಮ್ ಕೊಟ್ಟೇವಲ್ಲ, ಸಾಕು ಅಂದ್ರ್ರೀ ಅವರು” ಅಂದರು. ಆ ಸೆಂಟರಿಗೆ ಫೋನ್ ಮಾಡಿದರೆ ಫೈಲ್ ಅಳಿಸಿಯಾಗಿತ್ತು. ನಾವು ತೆಗೆದ ಹೊಸ ಸ್ಕ್ಯಾನ್‌ನಲ್ಲಿ ಅದುರುವ ಆ ಚೂರು ಓರೆಯಾಗಿತ್ತು. ಮೊದಲಿನಿಂದಲೂ ಹಾಗೇ ಇತ್ತಾ, ಆಮೇಲೆ ಜಾರಿತಾ? ಡಾಕ್ಟರಿಗೆ ಹೇಳೋಕೇ ಆಗಲಿಲ್ಲ. ಮತ್ತೆ ಆಪರೇಷನ್ ಮಾಡಬೇಕಾ ಬೇಡವಾ ಅನ್ನೋದು ಅದರ ಮೇಲೇ ನಿಂತಿರುತ್ತೆ, ಅಲ್ವಾ?

ಯಂತ್ರದಲ್ಲಿ ಜಾಗ ತುಂಬಿದ ಹಾಗೆ ಹಳೆಯದನ್ನು ಅಳಿಸುವುದು ಎಷ್ಟೋ ಕಡೆ ಇದ್ದದ್ದೇ. ಅದಕ್ಕೇ ಫೈಲ್ ರೋಗಿಯ ಕೈಯಲ್ಲಿರಬೇಕು. ಆಪರೇಷನ್ ಆದ ಮೇಲೆ ಡಾಕ್ಟರು ಒಂದು ಸ್ಕ್ಯಾನ್ ಹೇಳಿದರೆ ಸುಮ್ನೆ ಖರ್ಚು ಅಂದುಕೊಳ್ಳಬೇಡಿ. ಮುಂದೆ ಹೋಲಿಸಿ ನೋಡೋಕೆ ಅದೊಂದೇ ಆಧಾರ. ಸಿಡಿ ಕೇಳುವಾಗ “ಥಿನ್ ಸ್ಲೈಸ್, ಬೋನ್ ಸೆಟ್ಟಿಂಗ್ ಎರಡೂ ಹಾಕಿಕೊಡಿ” ಅನ್ನಿ. ತೆಳು ಪದರಗಳ ಚಿತ್ರ, ಎಲುಬು ಸ್ಪಷ್ಟವಾಗಿ ಕಾಣುವ ಚಿತ್ರ ಅಂತ ಅರ್ಥ. 5 ಮಿ.ಮೀ. ದಪ್ಪದ ಸ್ಲೈಸ್‌ನಲ್ಲಿ 2.3 ಮಿ.ಮೀ. ಚೂರಿನ ಬಗ್ಗೆ ಏನು ಹೇಳೋಕಾಗುತ್ತೆ? ಮನೆಗೆ ಬಂದು ಆ ಫೈಲನ್ನು ಪೆನ್‌ಡ್ರೈವ್‌ಗೂ ಹಾಕಿಡಿ.

ಇನ್ನೊಂದು ಮಾತು, ಇದು ಇನ್ನೂ ಮುಖ್ಯ. ಎಂಆರ್‌ಐ ರೂಮಿನ ಹೊರಗೆ “ಮೈಯಲ್ಲಿ ಲೋಹ ಏನಾದರೂ ಇದೆಯಾ?” ಅಂತ ಕೇಳುತ್ತಾರೆ. ಇಂಪ್ಲಾಂಟಿನ ಹೊರಭಾಗ, ಅಂದರೆ ಕಿವಿ ಹಿಂದಿನ ಯಂತ್ರ, ಬಿಚ್ಚಿ ಜೇಬಿಗೆ ಹಾಕಿಕೊಂಡವರು “ಇಲ್ಲ” ಅಂದುಬಿಡುತ್ತಾರೆ. ಆದರೆ ಚರ್ಮದ ಕೆಳಗೆ ಮ್ಯಾಗ್ನೆಟ್ ಹಾಗೇ ಇರುತ್ತೆ! ಸೌಂಡ್‌ಬ್ರಿಡ್ಜ್‌ನ ಹಳೇ ಮಾಡೆಲ್‌ಗಳಿಗೆ ಎಂಆರ್‌ಐ ಸುರಕ್ಷಿತ ಅಲ್ಲ. ಹೊಸದಕ್ಕೂ 1.5 ಟೆಸ್ಲಾ ಶಕ್ತಿಯ ಎಂಆರ್‌ಐ ಯಂತ್ರದವರೆಗೆ ಮಾತ್ರ, ಅದೂ ಕಂಪನಿಯ ಷರತ್ತಿನ ಪ್ರಕಾರ. ಇಂಪ್ಲಾಂಟ್ ಕಾರ್ಡ್ ಕಪಾಟಿನಲ್ಲಿ ಇಡಬೇಡಿ, ಆಧಾರ್ ಜೊತೆ ಪರ್ಸ್‌ನಲ್ಲೇ ಇರಲಿ. ಬೆನ್ನುನೋವಿಗೆ ಎಂಆರ್‌ಐ ಮಾಡಿಸೋಕೆ ಹೋದರೂ ಮೊದಲು ಆ ಕಾರ್ಡ್ ತೋರಿಸಿ.