ಮುಖದ ಮೇಲೇ ಯಾಕೆ ಅಂಟಿಸ್ತೀರಿ?

ಶಿವಮೊಗ್ಗದ ಗಾಂಧಿ ಬಜಾರ್ ಕಡೆ ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ರಾಕ್ ಸಂಗೀತದ ಪತ್ರಿಕೆ ಸಿಕ್ಕಿತು. ಖುಷಿಯಿಂದ ಎತ್ತಿಕೊಂಡರೆ, ಗಿಟಾರ್ ವಾದಕನ ಎಡಗಣ್ಣಿನ ಮೇಲೆ ಸರಿಯಾಗಿ ಬೆಲೆಯ ಸ್ಟಿಕ್ಕರ್! ಹೊಟ್ಟೆ ಉರಿಯಿತು.

ಆ ಕಣ್ಣೇ ಅಲ್ವಾ ಮುಖಪುಟದ ಜೀವ? ನಮ್ಮನ್ನೇ ದಿಟ್ಟಿಸುವ ಹಾಗೆ ಫೋಟೋ ತೆಗೆಯುತ್ತಾರೆ. ತಲೆಗೂದಲು ಪತ್ರಿಕೆಯ ಹೆಸರಿನ ಮೇಲೆ ಚೂರು ಬರುವ ಹಾಗೆ ಕೂರಿಸುತ್ತಾರೆ. ಸ್ಟ್ಯಾಂಡಿನಲ್ಲಿ ಒಂದರ ಹಿಂದೆ ಒಂದಿಟ್ಟರೂ ಕಾಣಲಿ ಅಂತ ಹೆಸರನ್ನು ಮೇಲೇ ದಪ್ಪಗೆ ಹಾಕುತ್ತಾರೆ. ಇದೆಲ್ಲ ಸುಮ್ನೆ ಅಲ್ಲ. 1967ರ ನವೆಂಬರಿನಲ್ಲಿ ಬಂದ ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್‌ನ ಮೊದಲ ಸಂಚಿಕೆಯಲ್ಲೂ ಎದ್ದು ಕಂಡಿದ್ದು ಹೆಲ್ಮೆಟ್ ಹಾಕಿದ ಬೀಟಲ್ಸ್ ತಂಡದ ಗಾಯಕ ಜಾನ್ ಲೆನನ್ ಮುಖವೇ.

ಮನೆಗೆ ತಂದು ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಜಡಿಮಳೆಯ ತೇವಕ್ಕೆ ಕಾಗದ ಮೆತ್ತಗಾಗಿತ್ತು. ಸ್ಟಿಕ್ಕರ್ ಜೊತೆ ಕಣ್ಣೂ ಕಿತ್ತು ಬಂತು. ಹಿಂದಿನ ಪುಟದಲ್ಲಿ ಅಂಟಿಸಿದ್ದರೆ ಏನು ಗಂಟು ಹೋಗುತ್ತಿತ್ತು?